ಹಗ್ಗದ ಯಜಮಾನ

“ಏ ಗಂಟಕ್ಕಾ, ನಿನ್ನ ಗಂಡನ ಕಾಲು ಮೇಲಕ್ಕೆ ಎಳ್ಕೋ! ಊಟದ ಹಾಲಿನ ಕಿಟಕಿ ಮುಂದೆ ತೂಗಾಡಿಸ್ಕೊಂಡು ಕೂತಿದಾನೆ ಮುಂಡೇದು. ಒಳಗಿರೋರಿಗೆ ತುತ್ತು ಗಂಟಲಲ್ಲಿ ಇಳೀತಿಲ್ವಂತೆ!”

“ಕಾಲು ಒಂದನ್ನೇ ಎಳ್ಕೊಳ್ಳೋಕೆ ಆಗಲ್ಲ ಸಾರ್. ಎಳೆದ್ರೆ ಗಂಡನೂ ಜೊತೆಗೆ ಬರ್ತಾನೆ.”

“ತಲೆಹರಟೆ ಬೇಡ. ಎಳಿ ಅಂದ್ರೆ ಎಳಿ. ಬೇಗ!”

ಹೀಗೆ ಕೂಗುತ್ತಿದ್ದವನು ನಮ್ಮ ಸಂಯೋಜಕ. ಅವನ ಕಿವಿಯಲ್ಲಿ ಸದಾ ಒಂದು ಬಿಳಿ ಮಣಿ ಸಿಕ್ಕಿಸಿಕೊಂಡಿರುತ್ತದೆ. ಅದರೊಳಗಿಂದ ಯಾರೋ ಅವನನ್ನು ಬಯ್ಯುತ್ತಿರುತ್ತಾರೆ. ಅವನು ಆ ಬೈಗುಳವನ್ನು ಆರುವುದಕ್ಕೆ ಬಿಡದೆ ಬಿಸಿಬಿಸಿಯಾಗಿ ನಮಗೆ ಬಡಿಸುತ್ತಾನೆ. ಅದಕ್ಕೇ ನಾವು ಅವನಿಗೆ ಕಿವಿಮಣಿ ಎಂದು ಹೆಸರಿಟ್ಟಿದ್ದೇವೆ. ಕೆಟ್ಟವನಲ್ಲ, ಪುಕ್ಕಲ ಅಷ್ಟೆ.

ನಾನು ನಿಂತಿದ್ದದ್ದು ಎತ್ತರದ ಗಾಜಿನ ಕಟ್ಟಡವೊಂದರ ತಾರಸಿಯ ಮೇಲೆ. ಆ ಕಟ್ಟಡಕ್ಕೆ ಗೋಡೆ ಕಡಿಮೆ, ಕಿಟಕಿಯೇ ಜಾಸ್ತಿ. ಕಿಟಕಿಗಳನ್ನು ಹೊರಗಿನಿಂದ ಒರೆಸಬೇಕೆಂದರೆ ಒಬ್ಬರು ಹಗ್ಗಕ್ಕೆ ನೇತಾಡಬೇಕು, ಇನ್ನೊಬ್ಬರು ಮೇಲೆ ನಿಂತು ಹಗ್ಗ ಕಾಯಬೇಕು. ನೇತಾಡುವವನು ನನ್ನ ಗಂಡ. ಎಲ್ಲರ ಬಾಯಲ್ಲೂ ಅವನು ಜೇಡ. ಕಾಯುವವಳು ನಾನು. ಹಗ್ಗದ ಗಂಟು ಹಾಕುವುದೂ ನಾನೇ ಆದ್ದರಿಂದ ಗಂಟಕ್ಕ. ಗಂಡನನ್ನು ಬೆರಳ ತುದಿಯಲ್ಲಿ ಆಡಿಸುತ್ತಾಳೆ ಎಂದು ಬೇರೆ ಹೆಂಗಸರ ಬಗ್ಗೆ ಜನ ಸುಮ್ಮನೆ ಆಡಿಕೊಳ್ಳುತ್ತಾರೆ. ನಾನು ದಿನಾ ಬೆಳಿಗ್ಗೆ ಅವನನ್ನು ಇಳಿಸುತ್ತೇನೆ, ಸಂಜೆ ಎತ್ತಿಕೊಳ್ಳುತ್ತೇನೆ. ನಡುವೆ ಅವನಿಗೆ ಏನಾದರೂ ಹೇಳುವುದಿದ್ದರೆ ಅದಕ್ಕೊಂದು ಸಣ್ಣ ದಾರ ಇದೆ. ಒಂದು ಸಲ ಜಗ್ಗಿದರೆ ಇಳಿಸು, ಎರಡು ಸಲ ಜಗ್ಗಿದರೆ ನಿಲ್ಲಿಸು, ಬಿಡದೆ ಜಗ್ಗಿದರೆ ಎತ್ತು. ಮನೆಯಲ್ಲಿ ನಾವಿಬ್ಬರೂ ಇಷ್ಟು ಅರ್ಥವಾಗುವ ಹಾಗೆ ಮಾತಾಡಿದ್ದೇ ಇಲ್ಲ.

ಅಂದು ಎಳೆದೆವು. ಎಳೆಯುವುದೆಂದರೆ ಕಬ್ಬಿಣದ ರಾಟೆಯ ಹಿಡಿಯನ್ನು ಒಂದು ಕಡೆ ನಾನು, ಇನ್ನೊಂದು ಕಡೆ ಮೇಸ್ತ್ರಿ ಹಿಡಿದು ತಿರುಗಿಸುವುದು. ತಾರಸಿಯ ಗೋಡೆಯ ಅಂಚಿಗೆ ಹಳೆಯ ಟೈರಿನ ತುಂಡೊಂದನ್ನು ಹಾಸಿರುತ್ತೇವೆ. ಹಗ್ಗ ಅದರ ಮೇಲೆ ಮೆಲ್ಲಗೆ ಜಾರಿ ಬರಬೇಕು. ಆದರೆ ಕಿವಿಮಣಿ ಪಕ್ಕದಲ್ಲಿ ನಿಂತು ಬೇಗ ಬೇಗ ಎಂದು ಕುಣಿಯುತ್ತಿದ್ದ, ನಮ್ಮ ಕೈಯೂ ಅವನ ತಾಳಕ್ಕೆ ಸಿಕ್ಕಿತು. ಟೈರು ಪಕ್ಕಕ್ಕೆ ಸರಿಯಿತು. ಹಗ್ಗ ಸಿಮೆಂಟಿನ ಅಂಚಿಗೆ ಉಜ್ಜಿತು. ಜೇಡ ಒಂದು ಅಂತಸ್ತು ಮೇಲೆ ಬಂದಿರಬೇಕು, ಪಟ್ ಎಂದು ಸದ್ದಾಯಿತು.

ಹಗ್ಗ ಹರಿಯಲಿಲ್ಲ. ಮೂರು ಎಳೆ ಹೊಸೆದ ಹಗ್ಗದಲ್ಲಿ ಒಂದು ಎಳೆ ಹೋಗಿ, ಅದರ ತುದಿಗಳು ಬೆಕ್ಕಿನ ಮೀಸೆಯ ಹಾಗೆ ನಿಮಿರಿ ನಿಂತಿದ್ದವು. ಮೇಸ್ತ್ರಿ ಹಿಡಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಉಳಿದದ್ದನ್ನು ಹೇಗೆ ತಿರುಗಿಸಿದೆವೋ ನೆನಪಿಲ್ಲ.

ಜೇಡ ಗೋಡೆ ಹತ್ತಿ ಈಚೆ ಬಂದವನೇ, “ಏನೇ ಇಷ್ಟು ಅವಸರ? ಮನೆಗೆ ನೆಂಟ್ರು ಬಂದ್ರಾ?” ಎಂದ. ನಾನು ಹಗ್ಗದ ಆ ಜಾಗ ತೋರಿಸಿದೆ. ಅವನು ನೋಡಿದ. ಹೋಗಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತ. ನಾನು ಬಾಟಲಿಯ ಮುಚ್ಚಳ ತೆಗೆದುಕೊಟ್ಟೆ.

“ಊಟದೋರು ಈಗ ಆರಾಮಾಗಿ ತಿಂತಿದಾರಂತೆ,” ಎಂದ ಕಿವಿಮಣಿ, ಮಣಿಯನ್ನು ಒತ್ತಿಕೊಳ್ಳುತ್ತಾ.

ನಾನು ರವಿಕೆಯ ತೋಳಿನ ಕೆಂಪು ಅಂಚನ್ನು ಹರಿದು ಹಗ್ಗದ ಆ ಜಾಗಕ್ಕೆ ಕಟ್ಟಿದೆ. ಅದು ಎಲ್ಲಿದೆ ಎನ್ನುವುದು ನನ್ನ ಕಣ್ಣಿಗೆ ಯಾವಾಗಲೂ ಕಾಣುತ್ತಿರಬೇಕಿತ್ತು.

ಮೇಸ್ತ್ರಿಯ ವಿಷಯ ಸ್ವಲ್ಪ ಹೇಳಬೇಕು. ಈಗ ನನ್ನೆದುರು ರಾಟೆ ತಿರುಗಿಸುವ ಇವರು ಒಂದು ಕಾಲದಲ್ಲಿ ಇಡೀ ಕಟ್ಟಡದ ಗಾಜಿಗೆ ಗುತ್ತಿಗೆದಾರರಾಗಿದ್ದರು. ಹೊಟ್ಟೆ ಮೇಸ್ತ್ರಿ ಎಂದರೆ ಸುತ್ತಲಿನ ಕಟ್ಟಡದವರಿಗೆಲ್ಲ ಗೊತ್ತಿತ್ತು. ಅವರಿಗಿಂತ ಒಂದು ಗಳಿಗೆ ಮೊದಲು ಅವರ ಹೊಟ್ಟೆ ಕೆಲಸಕ್ಕೆ ಹಾಜರಾಗುತ್ತಿತ್ತು. ದೇವರಂಥ ಮನುಷ್ಯ ಎಂದೇನೂ ನಾನು ಹೇಳುವುದಿಲ್ಲ. ನಮ್ಮನ್ನು ಹಿಂಡುತ್ತಿದ್ದರು. ರಜೆ ಕೇಳಿದರೆ ನಮ್ಮ ಅಜ್ಜಿ ಮುತ್ತಜ್ಜಿಯರನ್ನೆಲ್ಲ ಎಬ್ಬಿಸಿ ಬಯ್ಯುತ್ತಿದ್ದರು. ಆದರೆ ಹಗ್ಗದ ವಿಷಯದಲ್ಲಿ ಮಾತ್ರ ಒಂದು ರೂಢಿ ಇತ್ತು, ಅದನ್ನು ಅವರು ತಪ್ಪಿದ್ದು ನಾನು ಕಾಣೆ. ಹಗ್ಗ ತಂದವರು ಮೊದಲು ತೂಗಬೇಕು.

ಹೊಸ ಹಗ್ಗ ಬಂದ ದಿನ ನಾವೆಲ್ಲ ತಾರಸಿಯಲ್ಲಿ ಸಾಲಾಗಿ ಕೂರುತ್ತಿದ್ದೆವು. ಮೇಸ್ತ್ರಿ ಬೆಲ್ಟು ಬಿಗಿದುಕೊಂಡು, ಹಲಗೆಯ ಮೇಲೆ ಕೂತು, ಗೋಡೆ ದಾಟಿ ಒಂದಾಳುದ್ದ ಕೆಳಗೆ ಇಳಿಯುತ್ತಿದ್ದರು. ಅಲ್ಲಿಂದ ಎರಡು ಕಾಲೂ ಗಾಜಿಗೆ ಒದ್ದು ಜೀಕುತ್ತಿದ್ದರು. ಒಳಗೆ ಕೆಲಸ ಮಾಡುತ್ತಿದ್ದವರು ಹೌಹಾರಿ ಏಳುತ್ತಿದ್ದರು. ಮೇಲೆ ಬಂದ ಮೇಲೆ ಬೆವರೊರೆಸಿಕೊಂಡು, “ನನ್ನ ಹೊಟ್ಟೆ ಹೊತ್ತ ಹಗ್ಗ ನಿಮ್ಮಪ್ಪನ್ನೂ ಹೊರುತ್ತೆ ಬೋಳಿಮಕ್ಕಳಾ, ಇಳೀರಿ,” ಎನ್ನುತ್ತಿದ್ದರು. ನಾವು ಇಳಿಯುತ್ತಿದ್ದೆವು. ಆ ಮಾತಿನ ಮೇಲೆ ನಾನು ನನ್ನ ಗಂಡನನ್ನು ಎಷ್ಟೋ ಸಲ ಗೋಡೆಯಾಚೆ ಕಳಿಸಿದ್ದೇನೆ.

ಆಮೇಲೆ ಕಟ್ಟಡದವರಿಗೆ ಬುದ್ಧಿ ಬೆಳೆಯಿತು. ಗಾಜು, ನೆಲ, ಗಿಡ, ಕಾವಲು ಎಲ್ಲವನ್ನೂ ಒಂದೇ ದೊಡ್ಡ ಕಂಪನಿಗೆ ವಹಿಸಿದರು. ದೊಡ್ಡ ಕಂಪನಿ ಗಾಜನ್ನು ಮಾತ್ರ ಬಿಡಿಸಿ ಒಂದು ನಡುವಿನ ಕಂಪನಿಗೆ ಕೊಟ್ಟಿತು. ನಡುವಿನ ಕಂಪನಿ ಮೇಸ್ತ್ರಿಯನ್ನು ಕರೆಸಿ, ಕುರ್ಚಿ ಕೊಟ್ಟು, ಉಪಗುತ್ತಿಗೆ ನಿಮಗೇ ಇರಲಿ ಎಂದಿತು. ಗಾಜು ಅದೇ, ಹಕ್ಕಿಗಳ ಹಿಕ್ಕೆ ಅದೇ, ಒರೆಸುವವರೂ ನಾವೇ. ನಮ್ಮ ಅಂಗಿಯ ಬೆನ್ನಿನ ಮೇಲಿನ ಹೆಸರು ಮಾತ್ರ ಬದಲಾಗುತ್ತಾ ಹೋಯಿತು. ಹಳೆಯ ಅಂಗಿಗಳು ಒರೆಸುವುದಕ್ಕೆ ಚೆನ್ನಾಗಿ ಒದಗುತ್ತವೆ. ಹೋದ ಕಂಪನಿಯ ಹೆಸರಿನಿಂದ ಬಂದ ಕಂಪನಿಯ ಗಾಜು ತಿಕ್ಕುವುದರಲ್ಲಿ ಜೇಡನಿಗೆ ಅದೇನೋ ಸುಖ.

ಮೊದಲು ಒಬ್ಬೊಬ್ಬರಿಗೂ ಎರಡೆರಡು ಹಗ್ಗ ಇರುತ್ತಿತ್ತು, ಒಂದು ಕೂರುವುದಕ್ಕೆ, ಇನ್ನೊಂದು ಅದೇನಾದರೂ ಹರಿದರೆ ಹಿಡಿದುಕೊಳ್ಳುವುದಕ್ಕೆ. ಇಲ್ಲಿವರೆಗೂ ಯಾರೂ ಬಿದ್ದಿಲ್ಲವಲ್ಲ, ಎರಡನೆಯದು ಯಾಕೆ ಎಂದು ನಡುವಿನ ಕಂಪನಿ ಕೇಳಿತು. ಯಾರೂ ಬೀಳದಿದ್ದದ್ದೇ ನಮ್ಮ ತಪ್ಪಾಯಿತು. ಹಗ್ಗ ಹೋದ ಹಾಗೆ ಮೇಸ್ತ್ರಿಯ ಹೊಟ್ಟೆಯೂ ಕರಗುತ್ತಾ ಬಂತು. ಕೆಲಸ ಹಂಚುವುದನ್ನು ಫೋನು ಕಲಿಯಿತು, ಹಾಜರಿಯನ್ನೂ ಫೋನೇ ಕಲಿಯಿತು. ಕೊನೆಗೆ ಮೇಸ್ತ್ರಿಯ ಪಾಲಿಗೆ ಉಳಿದದ್ದು ಬಯ್ಯುವ ಕೆಲಸ ಒಂದೇ. ಅದನ್ನೂ ಕಿತ್ತು ಕಿವಿಮಣಿಗೆ ಕೊಟ್ಟರು. ಆ ಮನುಷ್ಯನ ಬಾಯಲ್ಲಿ ಎಷ್ಟು ಒಳ್ಳೊಳ್ಳೆಯ ಬೈಗುಳ ಇದ್ದವು! ಎಲ್ಲ ದಂಡ. ಅಂದಿನಿಂದ ಅವರು ನನ್ನ ಜೊತೆ ರಾಟೆಗೆ ಬಂದು ನಿಂತರು.

ಹೊಸ ಹಗ್ಗ ಕೇಳಿದೆವು. ಕಿವಿಮಣಿ ಮಣಿಯೊಳಗೆ ಕೇಳಿದ. ಮಣಿ ಅದಕ್ಕಿಂತ ಮೇಲಿನ ಮಣಿಯನ್ನು ಕೇಳಿತಂತೆ. ಉತ್ತರ ಬರುವವರೆಗೆ ಹಗ್ಗದ ಹರಿದ ಜಾಗ ಹೊರಗೆ ಬಾರದಷ್ಟು ಮೇಲಿನ ಅಂತಸ್ತುಗಳಲ್ಲಿ ಮಾತ್ರ ಕೆಲಸ ಮಾಡಿ ಎಂದ. ನಾನೂ ಕೆಂಪು ಪಟ್ಟಿ ರಾಟೆಯಲ್ಲೇ ಸುತ್ತಿಕೊಂಡಿರುವಷ್ಟು ಮಾತ್ರ ಹಗ್ಗ ಬಿಡುತ್ತಿದ್ದೆ. ಹೀಗಾಗಿ ಕಟ್ಟಡದ ಮೇಲಿನ ಅಂತಸ್ತುಗಳು ಫಳಫಳ ಹೊಳೆಯತೊಡಗಿದವು, ಕೆಳಗೆ ಧೂಳು ದಪ್ಪಗೆ ಕೂತಿತು. ತಲೆ ಬಾಚಿ ಮುಖ ತೊಳೆಸದೆ ಬಿಟ್ಟ ಮಗುವಿನ ಹಾಗೆ ಕಾಣುತ್ತಿತ್ತು ಅಷ್ಟು ದೊಡ್ಡ ಕಟ್ಟಡ. ರಸ್ತೆಯಲ್ಲಿ ನಿಂತು ನೋಡಿದರೆ ನನಗೆ ನಗು ಬರುತ್ತಿತ್ತು.

ಉತ್ತರ ಬಂತು. ಜೊತೆಗೆ ಒಂದು ಕೇಕೂ ಬಂತು.

ನೆಲಮಾಳಿಗೆಯಲ್ಲಿ ಕಾರುಗಳ ನಡುವೆ ನಮ್ಮನ್ನೆಲ್ಲ ನಿಲ್ಲಿಸಿದರು. ಗಾಜಿನವರು, ನೆಲದವರು, ಗಿಡದವರು, ಕಾವಲಿನವರು ಎಲ್ಲ ಇದ್ದೆವು. ನಡುವಿನ ಕಂಪನಿಯಿಂದ ಒಬ್ಬರು ಬಂದಿದ್ದರು. ಬಹಳ ನಗುಮುಖ. ಸಿಕ್ಕವರಿಗೆಲ್ಲ ಕೈ ಕೊಟ್ಟು, ಕೊಟ್ಟಾದ ಮೇಲೆ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಕೈಗೆ ಏನೋ ಹಚ್ಚಿಕೊಳ್ಳುತ್ತಿದ್ದರು.

“ಇವತ್ತಿನಿಂದ ನೀವ್ಯಾರೂ ಕೂಲಿಗಳಲ್ಲ,” ಎಂದರು. “ನೀವೆಲ್ಲ ನಮ್ಮ ಪಾಲುದಾರರು. ಒಬ್ಬೊಬ್ಬರೂ ಒಂದೊಂದು ಕಂಪನಿ! ನಿಮ್ಮ ಸಮಯ ನಿಮ್ಮದು, ನಿಮ್ಮ ಸಾಮಾನು ನಿಮ್ಮದು. ನಿಮಗೆ ಯಾರೂ ಯಜಮಾನರಿಲ್ಲ.”

ಚಪ್ಪಾಳೆ ತಟ್ಟಿ ಎಂದು ಕಿವಿಮಣಿ ಕಣ್ಣಲ್ಲೇ ಹೇಳಿದ. ತಟ್ಟಿದೆವು.

ಜೇಡ ಕೈ ಎತ್ತಿದ. “ಸಾಮಾನು ಅಂದ್ರೆ ಹಗ್ಗಾನೂ ಸೇರ್ತಾ ಸಾರ್?”

“ಹೌದು! ಹಗ್ಗ ಪೂರ್ತಿ ನಿಮ್ಮದೇ,” ಎಂದರು ಅವರು, ಮಗಳ ಮದುವೆಗೆ ಬಳೆ ಕೊಟ್ಟಷ್ಟು ಸಂತೋಷದಲ್ಲಿ.

“ಅದು ಹರಿದೋಗಿದೆ ಸಾರ್. ಹೊಸದು ಬೇಕಾಗಿತ್ತು.”

“ಖಂಡಿತ ತಗೊಳ್ಳಿ. ನಿಮ್ಮನ್ನ ಯಾರೂ ತಡೆಯೋದಿಲ್ಲ.”

ಒಪ್ಪಿಗೆ ಎಂದು ಎಲ್ಲರೂ ಫೋನಿನಲ್ಲಿ ಒಂದು ಹಸಿರು ಗುಂಡಿ ಒತ್ತಬೇಕಾಗಿತ್ತು. ಒತ್ತದಿದ್ದರೆ ಮರುದಿನ ಗೇಟು ತೆರೆಯುವುದಿಲ್ಲ ಎಂದು ಕಿವಿಮಣಿ ಮೆಲ್ಲಗೆ ಕಿವಿಯಲ್ಲಿ ಹೇಳಿದ. ಜೇಡ ಒತ್ತಿದ. ನಾನು ಒತ್ತಲು ಹೋದರೆ ನನಗೆ ಗುಂಡಿಯೇ ಇರಲಿಲ್ಲ. ಹಗ್ಗಕ್ಕೊಂದೇ ಕಂಪನಿಯಂತೆ. ರಾಟೆಯವರು ಹಗ್ಗದವರ ಕೆಳಗೆ ಬರುತ್ತಾರಂತೆ. ಅಂದರೆ ನಾನೂ ಮೇಸ್ತ್ರಿಯೂ ಈಗ ನನ್ನ ಗಂಡನ ಉಪಗುತ್ತಿಗೆದಾರರು.

“ನೋಡಿದ್ಯಾ,” ಎಂದ ಜೇಡ, ದಾರಿಯಲ್ಲಿ ಎದೆ ಉಬ್ಬಿಸಿಕೊಂಡು. “ಇವತ್ತಿಂದ ನನ್ನ ಕಂಪನೀಲಿ ನಿನಗೆ ಕೆಲಸ.”

“ಹೌದಯ್ಯಾ. ಹಾಗಾದ್ರೆ ಈ ಚೀಲ ಕಂಪನಿಯೋರೇ ಹೊತ್ಕೊಳ್ಳಿ. ನನ್ನ ಸಮಯ ನಂದು.”

ಚೀಲ ಹೊತ್ತ. ಮೇಸ್ತ್ರಿ ಮಾತ್ರ ನಗಲಿಲ್ಲ. ಅವರಿಗೆ ಕೊಟ್ಟ ಕೇಕಿನ ಚೂರನ್ನು ಕಾಗದದಲ್ಲಿ ಹಾಗೇ ಹಿಡಿದುಕೊಂಡು ನಡೆಯುತ್ತಿದ್ದರು. “ನನ್ನನ್ನೂ ಹೀಗೇ ಕರೆದು ಕುರ್ಚಿ ಕೊಟ್ಟಿದ್ರು,” ಎಂದರು. “ಕುರ್ಚಿ ಕೊಟ್ಟೋರನ್ನ ನಂಬಬಾರದು ಕಣಮ್ಮಾ.”

ಮರುದಿನ ಬೆಳಿಗ್ಗೆ ಜೇಡ ಹಿಂಬಾಗಿಲ ಕಡೆ ತಿರುಗಲೇ ಇಲ್ಲ. ಕಂಪನಿ ಯಜಮಾನರು ಕಸದ ಡಬ್ಬದ ಪಕ್ಕದಿಂದ ಯಾಕೆ ಹೋಗಬೇಕು ಎಂದು ಬಕೆಟ್ಟು ಹಿಡಿದು ಸೀದಾ ಮುಂಬಾಗಿಲಿಗೆ ನಡೆದ. ತಮಾಷೆಗೇ ಮಾಡಿದ್ದು ಅವನು. ನಾನೂ ಮೇಸ್ತ್ರಿಯೂ ಹೊರಗೆ ನಿಂತು ನೋಡಿದೆವು.

“ಏಯ್, ಎಲ್ಲಿಗೆ?” ಎಂದ ಕಾವಲಿನವನು. “ಹಿಂದ್ಗಡೆಯಿಂದ ಹೋಗು.”

“ನಾನು ಕಂಪನಿ ಕಣಯ್ಯಾ.”

“ನಾನೂ ಕಂಪನೀನೇ. ನಿನ್ನೆ ನಿನ್ನ ಪಕ್ಕದಲ್ಲೇ ನಿಂತು ಹಸಿರು ಒತ್ತಿದೀನಿ. ಹೋಗಪ್ಪಾ, ನನ್ನ ಕಂಪನಿ ಮುಳುಗಿಸ್ಬೇಡ.”

ಇಬ್ಬರೂ ನಕ್ಕರು. ಅಷ್ಟರಲ್ಲಿ ಕೋಟಿನವರೊಬ್ಬರು ಲಿಫ್ಟಿನಿಂದ ಇಳಿದು ಬಂದರು. ಅಂದು ಕಟ್ಟಡಕ್ಕೆ ಯಾರೋ ದೊಡ್ಡ ಅತಿಥಿಗಳು ಬರುವವರಿದ್ದರು, ಎಲ್ಲರೂ ಬೆಳಗ್ಗಿನಿಂದ ತುದಿಗಾಲಲ್ಲಿದ್ದರು. ಬಕೆಟ್ಟಿನಿಂದ ನಾಲ್ಕು ಹನಿ ನೀರು ನೆಲಕ್ಕೆ ಬಿದ್ದಿತ್ತು.

“ಒರೆಸು,” ಎಂದರು.

“ಬಟ್ಟೆ ಮೇಲಿದೆ ಸಾರ್, ತಾರಸೀಲಿ.”

“ಮೈಮೇಲಿದೆಯಲ್ಲಾ.”

ಜೇಡ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ಅಂಗಿ ಬಿಚ್ಚಿ, ಮಂಡಿಯೂರಿ, ನೆಲ ಒರೆಸಿದ. ಬೂಟಿನ ತುದಿಗೆ ಒಂದು ಹನಿ ಸಿಡಿದಿತ್ತು. ಅವರು ಕಾಲು ಸ್ವಲ್ಪ ಮುಂದಕ್ಕಿಟ್ಟರು. ಅದನ್ನೂ ಒರೆಸಿದ. ಕಾವಲಿನವನು ಚಾವಣಿ ನೋಡುತ್ತಾ ನಿಂತಿದ್ದ. ನಾನು ಹೊರಗಿದ್ದೆ. ನಡುವೆ ಇದ್ದ ಬಾಗಿಲ ಗಾಜನ್ನು ಜೇಡನೇ ಹೋದ ವಾರ ನೆಲದ ಮೇಲೆ ನಿಂತು ತೊಳೆದಿದ್ದ. ಎಷ್ಟು ಚೊಕ್ಕಟವಾಗಿ ತೊಳೆದಿದ್ದ ಎಂದರೆ ಅವನ ಬರಿ ಬೆನ್ನಿನ ಒಂದೊಂದು ಮೂಳೆಯೂ ನನಗೆ ಕಾಣುತ್ತಿತ್ತು. ಆ ಗಾಜನ್ನು ಒಡೆಯಬೇಕು ಎನಿಸಿತು.

ಹೊರಗೆ ಬಂದವನು ಒದ್ದೆ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು, “ನೆಲ ಬೇರೆ ಕಂಪನೀದು. ನಾನು ಒರೆಸಿದೆ ಅಂತ ಗೊತ್ತಾದ್ರೆ ಜಗಳಕ್ಕೆ ಬರ್ತಾರೆ,” ಎಂದ. ಪ್ರತಿ ಸಲ ಅವನ ಮಾತಿಗೆ ನಾನೇ ಮೊದಲು ನಗುವವಳು. ಈ ಸಲ ಆಗಲಿಲ್ಲ. ಅವನಿಗೂ ಗೊತ್ತಾಯಿತು.

ತಾರಸಿಗೆ ಹೋಗುವಷ್ಟರಲ್ಲಿ ಕಿವಿಮಣಿ ಅಲ್ಲಿ ಕಾದು ನಿಂತಿದ್ದ. ಮಣಿ ಬಿಸಿಯಾಗಿರಬೇಕು, ಕಿವಿ ಕೆಂಪಾಗಿತ್ತು.

“ಅತಿಥಿಗಳು ಬಂದಾಯ್ತು. ಮೇಲಿನ ದೊಡ್ಡ ರೂಮಿನಲ್ಲಿ ಮಾತಾಡ್ತಾ ಕೂತಿದಾರೆ. ಊಟಕ್ಕೆ ಕೆಳಗೆ ಹೋಗ್ತಾರೆ. ಅಷ್ಟರಲ್ಲಿ ಊಟದ ಹಾಲಿನ ಕಿಟಕಿ ಹೊಳೀಬೇಕು. ಇಳಿಸಿ.”

ದೊಡ್ಡ ರೂಮು ಎಂದರೆ ತಾರಸಿಯ ನೇರ ಕೆಳಗಿನದು. ಊಟದ ಹಾಲು ಅದಕ್ಕಿಂತ ಎಷ್ಟೋ ಕೆಳಗೆ. ಅಲ್ಲಿಗೆ ಇಳಿಸಬೇಕೆಂದರೆ ಕೆಂಪು ಪಟ್ಟಿ ರಾಟೆ ಬಿಟ್ಟು, ಗೋಡೆ ದಾಟಿ ಹೊರಗೆ ಹೋಗಬೇಕು. ಜೇಡನ ಅಷ್ಟೂ ಭಾರ ಹರಿದ ಜಾಗದ ಮೇಲೆ ಬೀಳಬೇಕು.

“ಹಗ್ಗ ಎಲ್ಲಿ ಸಾರ್?” ಎಂದೆ.

“ಅದೇ ಹಗ್ಗದಲ್ಲಿ ಇವತ್ತೊಂದು ದಿನ ಹೇಗೋ ಮಾಡಿ ಗಂಟಕ್ಕಾ. ನಿನ್ನ ಕಾಲು ಹಿಡೀತೀನಿ.”

“ನನ್ನ ಕಾಲು ಬೇಡ. ಮೊದಲು ಯಾರು ತೂಗ್ತಾರೆ ಹೇಳಿ.”

ಅವನಿಗೆ ರೂಢಿ ಗೊತ್ತಿರಲಿಲ್ಲ. ಮೇಸ್ತ್ರಿ ಬಿಡಿಸಿ ಹೇಳಿದರು. ಕಿವಿಮಣಿ ಗೋಡೆಯ ಅಂಚಿನಿಂದ ಒಮ್ಮೆ ಕೆಳಗೆ ಬಗ್ಗಿ ನೋಡಿ, ಹಿಂದಕ್ಕೆ ಸರಿದು, “ಹಗ್ಗ ನಂದಲ್ಲಪ್ಪಾ,” ಎಂದ.

“ಮತ್ತೆ ಯಾರದು? ಕೇಳಿ.”

ಪಾಪ, ಕೇಳಿದ. ನಮಗೂ ಕೇಳಿಸಲಿ ಎಂದು ಫೋನಿನ ದನಿ ಜೋರು ಮಾಡಿದ. ಹಗ್ಗ ಪಾಲುದಾರರದು, ನಿನ್ನೆ ಕೇಕು ತಿಂದರಲ್ಲ, ಎಂದರು ನಡುವಿನ ಕಂಪನಿಯವರು. ದೊಡ್ಡ ಕಂಪನಿಯವರು, “ನಾವು ಗಾಜಿನ ಬಗ್ಗೆ ಮಾತ್ರ ಮಾತಾಡ್ತೀವಿ, ಹಗ್ಗ ನಮಗೆ ಬರೋದಿಲ್ಲ,” ಎಂದರು. ಕಟ್ಟಡದ ಕಚೇರಿಯವರಿಗೆ ಮಾಡಿದರೆ ಅಲ್ಲೊಂದು ಹೆಣ್ಣುದನಿ ಬಹಳ ವಿನಯದಿಂದ, “ಕ್ಷಮಿಸಿ, ನಮ್ಮ ತಾರಸಿ ಮೇಲೆ ಯಾರೂ ಕೆಲಸ ಮಾಡೋದಿಲ್ಲವಲ್ಲ,” ಎಂದಿತು.

ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಸ್ತ್ರಿ ತಮ್ಮ ತೋಳನ್ನು ತಾವೇ ಚಿವುಟಿ ನೋಡಿಕೊಂಡರು.

ಆಗ ಜೇಡ ಎದ್ದ. ಬರಿ ಮೈಯಲ್ಲೇ ಬೆಲ್ಟು ಎತ್ತಿ ಸೊಂಟಕ್ಕೆ ಸುತ್ತಿಕೊಳ್ಳತೊಡಗಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. “ಹಗ್ಗ ನಂದು ಅಂತ ಎಲ್ರೂ ಹೇಳ್ತಿದಾರಲ್ಲ. ನಾನೇ ಒತ್ತಿದ್ದೀನಿ. ನಾನೇ ತೂಗ್ತೀನಿ. ಆ ಕೋಟಿನ ಸೂಳೆಮಗ ನೋಡ್ಲಿ, ಅವನ ಕಿಟಕಿ ಮುಂದೇನೇ ನಿಂತ್ಕೊಂಡು ಜೀಕ್ತೀನಿ.”

ನೆಲ ಒರೆಸಿದ ಅವಮಾನ ಅವನ ಕಣ್ಣಲ್ಲಿ ಇನ್ನೂ ಹಾಗೇ ಇತ್ತು. ಆ ಹೊತ್ತಿನಲ್ಲಿ ಅವನು ಎಲ್ಲಿಂದ ಬೇಕಾದರೂ ಇಳಿಯುತ್ತಿದ್ದ, ಹಗ್ಗ ಇಲ್ಲದಿದ್ದರೂ ಇಳಿಯುತ್ತಿದ್ದ.

“ಏ ಹುಚ್ಚ್ ಮುಂಡೇದೇ,” ಎಂದರು ಮೇಸ್ತ್ರಿ. ಎಷ್ಟೋ ಕಾಲದ ನಂತರ ಅವರ ಬಾಯಿಂದ ಹಳೆಯ ದನಿ ಹೊರಟಿತು. “ಹಗ್ಗ ತಂದೋನು ತೂಗ್ಬೇಕು. ತಲೆಗೆ ಕಟ್ಟಿಸ್ಕೊಂಡೋನಲ್ಲ. ನೀನೆಲ್ಲಿ ತಂದ್ಯೋ ಅದನ್ನ? ಯಾವ ಅಂಗಡೀಲಿ ಕೈಯಲ್ಲಿ ಹಿಡಿದು ನೋಡ್ದೆ? ನಾನು ಯಜಮಾನ ಆಗಿದ್ದಾಗ ಹಗ್ಗಾನ ಹಲ್ಲಲ್ಲಿ ಕಚ್ಚಿ ನೋಡಿ ತರ್ತಿದ್ದೆ. ಗುಂಡಿ ಒತ್ತಿಬಿಟ್ರೆ ಯಜಮಾನ ಆಗಿಬಿಡ್ತೀಯಾ?”

“ಬಿಡಿ ಮೇಸ್ತ್ರಿ. ಗಂಟು ಹಾಕೇ.”

“ಹಾಕಲ್ಲ,” ಎಂದೆ.

“ಹಾಕು ಅಂದ್ನಲ್ಲ.”

“ನಿನ್ನ ಕಂಪನಿ ಕೆಲಸ ನಾನು ಬಿಟ್ಟೆ. ಈಗಲೇ ಬಿಟ್ಟೆ. ಹಗ್ಗ ನಿಂದಾಗಿರಬಹುದು, ಗಂಟು ನಂದು. ಅದನ್ನ ಯಾವ ಮುಂಡೇಮಗನೂ ಇನ್ನೂ ಗುತ್ತಿಗೆಗೆ ಕೊಟ್ಟಿಲ್ಲ.”

ಹೇಳುತ್ತಾ ಹೇಳುತ್ತಾ ಅಳು ಬಂತು. ಅಳುತ್ತಲೇ ಅವನ ಸೊಂಟದ ಬೆಲ್ಟಿಗೆ ಕೈ ಹಾಕಿ ಬಿಚ್ಚಿದೆ. ಅವನು ಬಿಚ್ಚಗೊಟ್ಟ. ಕಿವಿಮಣಿ ಬೇರೆ ಕಡೆ ತಿರುಗಿ ನಿಂತ.

ಆಮೇಲೆ ನಾನು ಗಂಟು ಹಾಕಿದೆ. ದಿನಾ ಹಾಕುವ ಹಾಗೇ ಬಿಗಿಯಾಗಿ ಹಾಕಿದೆ, ಬರಿಯ ಹಲಗೆಗೆ. ಜೇಡನ ಒದ್ದೆ ಅಂಗಿಯನ್ನು ಹಲಗೆಯ ಮೇಲಿನ ಹಗ್ಗಕ್ಕೆ ತೋಳುಗಳಿಂದ ಕಟ್ಟಿದೆ. ಗಾಳಿಗೆ ಹಾರದಿರಲಿ ಎಂದು ಮೇಸ್ತ್ರಿ ಹಲಗೆಯ ಮೇಲೆ ನೀರು ತುಂಬಿದ ಕ್ಯಾನು ಬಿಗಿದರು. ನಾವು ಏನು ಮಾಡುತ್ತಿದ್ದೇವೆ ಎಂದು ಕಿವಿಮಣಿ ಕೇಳಲಿಲ್ಲ. ಟೈರಿನ ತುಂಡು ಸರಿಯಾಗಿ ಕೂತಿದೆಯಾ ಎಂದು ಬಗ್ಗಿ ನೋಡಿ, ಕಾಲಿನಿಂದ ಒತ್ತಿ ಹಿಡಿದ.

ಮೆಲ್ಲಗೆ ಇಳಿಸಿದೆವು. ರಾಟೆಯಿಂದ ಕೆಂಪು ಪಟ್ಟಿ ಬಿಚ್ಚಿಕೊಂಡಿತು, ಟೈರಿನ ಮೇಲೆ ಜಾರಿತು, ಗೋಡೆ ದಾಟಿ ಹೊರಗೆ ಹೋಯಿತು. ಗಂಡ ನನ್ನ ಪಕ್ಕದಲ್ಲೇ ನಿಂತಿದ್ದರೂ ಆ ಪಟ್ಟಿ ಕೈದಾಟಿ ಹೋಗುವಾಗ ನಾನು ಅವನ ಕಡೆ ಒಮ್ಮೆ ತಿರುಗಿ ನೋಡಿದೆ. ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತಿತ್ತು. ಅಂದು ಪಟ್ ಎಂದದ್ದು ಜೇಡ ಊಟದ ಹಾಲಿನಿಂದ ಒಂದು ಅಂತಸ್ತು ಮೇಲೆ ಬಂದಾಗ. ಹಲಗೆ ಮತ್ತೆ ಆ ಹಾಲಿನ ಎದುರಿಗೆ ಹೋದರೆ ಹರಿದ ಜಾಗ ತಾರಸಿಯಿಂದ ಒಂದು ಅಂತಸ್ತು ಕೆಳಗಿರುತ್ತದೆ. ದೊಡ್ಡ ರೂಮಿನ ಕಿಟಕಿಗೆ ಸರಿಯಾಗಿ.

ಅಲ್ಲಿಗೆ ನಿಲ್ಲಿಸಿ ರಾಟೆಗೆ ಬೀಗದ ಕಡ್ಡಿ ತಳ್ಳಿದೆ.

ಗೋಡೆಯಿಂದ ಬಗ್ಗಿ ನೋಡಿದೆವು. ನಾವೇ ಹೊಳೆಯಿಸಿದ ಗಾಜಿನ ಮುಂದೆ, ಮೂರರಲ್ಲಿ ಒಂದು ಎಳೆ ಹೋದ ಹಗ್ಗ, ನನ್ನ ರವಿಕೆಯ ಕೆಂಪು ಅಂಚು ಕಟ್ಟಿಕೊಂಡು, ಆಚೀಚೆ ತೂಗುತ್ತಿತ್ತು. ಬಹಳ ಕೆಳಗೆ, ಊಟದ ಹಾಲಿನ ಮುಂದೆ, ಅಂಗಿ ಮಾತ್ರ ಕೂತಿದ್ದ ಹಲಗೆ.

“ಇವತ್ತು ಕಾಲಿಲ್ಲಪ್ಪಾ. ನೆಮ್ಮದಿಯಾಗಿ ಉಣ್ಣಲಿ,” ಎಂದ ಜೇಡ.

ಕಿವಿಮಣಿಯ ಕಿವಿಯಲ್ಲಿ ಏಕಕಾಲಕ್ಕೆ ಎಲ್ಲರೂ ಕೂಗತೊಡಗಿದರು. ನಮಗೂ ಕೇಳುವಷ್ಟು. “ಎಳೀಬೇಕಂತೆ,” ಎಂದ ಅವನು. “ಅತಿಥಿಗಳು ಅದೇನು ಅಂತ ಕೇಳ್ತಿದಾರಂತೆ. ಗಾಜಿನ ಹತ್ರ ಬಂದು ನಿಂತಿದಾರಂತೆ. ಈಗ್ಲೇ ಮೇಲಕ್ಕೆ ಎಳೀಬೇಕಂತೆ.”

“ಹಗ್ಗ ಯಾರದೋ ಅವರು ಬಂದು ಎಳೀಲಿ ಅನ್ನಿ.”

ಅವನು ಹೇಳಿದ. ಹೇಳಿದ ಮೇಲೆ ಮಣಿಯನ್ನು ಕಿವಿಯಿಂದ ಕಿತ್ತು ಅಂಗೈಯಲ್ಲಿಟ್ಟುಕೊಂಡ. ಅಂಗೈಯೊಳಗಿಂದ ಕೀಚು ದನಿಯಲ್ಲಿ ಅದು ಇನ್ನೂ ಬಯ್ಯುತ್ತಿತ್ತು. ಅವನು ಅದನ್ನು ಜೇಬಿಗೆ ಹಾಕಿ, ಟ್ಯಾಂಕಿನ ನೆರಳಿಗೆ ಬಂದು ನಮ್ಮ ಪಕ್ಕ ಕೂತ. ಮೇಸ್ತ್ರಿ ಅವನಿಗೆ ನೀರಿನ ಬಾಟಲಿ ಕೊಟ್ಟರು. ಅಷ್ಟು ದಿನದಲ್ಲಿ ಅವನು ನಮ್ಮ ಬಾಟಲಿಯಿಂದ ಕುಡಿದದ್ದು ಅದೇ ಮೊದಲು.

ನಾಳೆ ಗೇಟು ತೆರೆಯುತ್ತದೋ ಇಲ್ಲವೋ, ನಮಗೆ ಯಾರಿಗೂ ಗೊತ್ತಿರಲಿಲ್ಲ.

ಲಿಫ್ಟು ತಾರಸಿಯವರೆಗೆ ಬರುವುದಿಲ್ಲ. ಕೊನೆಯ ಅಂತಸ್ತಿನಿಂದ ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಬೇಕು. ಅದರ ಮೇಲೆ ಈಗ ಬೂಟಿನ ಸದ್ದಾಯಿತು. ಎರಡು ಮೆಟ್ಟಿಲು ಹತ್ತಿ ನಿಲ್ಲುವ ಸದ್ದು. ಏದುಸಿರು. ಮತ್ತೆ ಎರಡು ಮೆಟ್ಟಿಲು.

“ಹತ್ತಿ ಅಭ್ಯಾಸ ಇಲ್ಲ,” ಎಂದರು ಮೇಸ್ತ್ರಿ, ಕಿವಿಗೊಟ್ಟು. “ಭಾರೀ ಆಳು. ಒಳ್ಳೇ ಊಟ ತಿಂದ ಹೊಟ್ಟೆ.”

“ಒಬ್ರೇನಾ?”

“ಇಲ್ಲ. ಹಿಂದೆ ಇನ್ನೂ ಯಾರೋ ಇದಾರೆ.”

ಜೇಡ ಎದ್ದು ಹೋಗಿ ಬಾಗಿಲಿಗೆದುರಾಗಿ ನಿಂತ. ಮೈಮೇಲೆ ಅಂಗಿ ಇಲ್ಲ, ಕೈಯಲ್ಲಿ ಬೆಲ್ಟು. ನಾನು ಹೋಗಿ ಅವನ ಪಕ್ಕ ನಿಂತೆ.

“ಮೇಸ್ತ್ರಿ,” ಎಂದ ಅವನು, ಹಿಂದೆ ತಿರುಗದೆ. “ನಿಮ್ಮ ಕಾಲದಲ್ಲಿ ಬೆಲ್ಟು ಎಷ್ಟನೇ ತೂತಿಗೆ ಹಾಕ್ತಿದ್ರಿ?”

“ಕೊನೇದಕ್ಕೆ,” ಎಂದರು ಮೇಸ್ತ್ರಿ. “ಬರೋರ ಹೊಟ್ಟೆಗೆ ಸಾಲ್ಬೇಕು, ಪೂರ್ತಿ ಸಡಿಲ ಮಾಡಿಡು.”

ಮಾಡಿಟ್ಟ. ಬಾಗಿಲ ಚಿಲಕ ಅಲುಗಾಡಿತು.